ತಟ್ಟೆಯ ಲೆಕ್ಕ ತಿಗರಿಯ ಮೇಲೆಯೇ ಆಗಬೇಕು

ಪ್ರಶ್ನೆ: ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಎಲೆಕ್ಟ್ರಿಕ್ ಕಿಲ್ನ್ (ಮಣ್ಣಿನ ಸಾಮಾನು ಸುಡುವ ಗೂಡು) ಇಟ್ಟುಕೊಂಡು, ಹೆಚ್ಚು ಶಾಖಕ್ಕೆ ಸುಟ್ಟು ಗಟ್ಟಿಮಾಡುವ ಸ್ಟೋನ್‌ವೇರ್ ಮಾಡುತ್ತೇನೆ. ಕಿಲ್ನ್‌ನ ಬಾಗಿಲು ಮುಂದಕ್ಕೆ ತೆರೆಯುತ್ತದೆ. ಒಳಗಿನ ಅಗಲ, ಆಳ 45 ಸೆಂ.ಮೀ., ಎತ್ತರ 60. ಶೆಲ್ಫುಗಳು 40ಕ್ಕೆ 40, ದಪ್ಪ ಒಂದೂವರೆ ಸೆಂ.ಮೀ. ಇಲ್ಲಿನ ಕೆಫೆಯೊಂದು 60 ತಟ್ಟೆ ಕೇಳಿದೆ. ಬಿಸ್ಕ್ (ಗ್ಲೇಜ್ ಎಂಬ ಗಾಜಿನ ಲೇಪ ಹಚ್ಚುವ ಮೊದಲಿನ ಸುಡುವಿಕೆ) ಆದ ಮೇಲೆ ನನ್ನ ತಟ್ಟೆಯ ಅಗಲ 26 ಸೆಂ.ಮೀ., ಎತ್ತರ ಎರಡೂವರೆ. ಬಿಸ್ಕ್ ಸುಡುವಾಗ ಹತ್ತು ಹತ್ತು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದೆ. ಗ್ಲೇಜ್ ಸುಡುವಾಗ ಶೆಲ್ಫಿಗೆ ಒಂದೇ ತಟ್ಟೆ ಹಿಡಿಯಿತು. ಜಾಗ ಉಳಿಸಲು ಶೆಲ್ಫುಗಳ ನಡುವೆ ಬರೀ 3 ಸೆಂ.ಮೀ. ಬಿಟ್ಟು ಹನ್ನೆರಡು ಅಂತಸ್ತು ಕಟ್ಟಿ 1220 ಡಿಗ್ರಿಗೆ ಸುಟ್ಟೆ. ಕೆಫೆಯವರ ಅವಸರಕ್ಕೆ 200 ಡಿಗ್ರಿಯಲ್ಲೇ ಬಾಗಿಲು ತೆರೆದೆ. ಹನ್ನೆರಡರಲ್ಲಿ ಮೂರು ಸೀಳಿದ್ದವು, ಎರಡು ಸೊಟ್ಟಗಾಗಿದ್ದವು. ಚಿತ್ರಗಳನ್ನು ಕಳಿಸಿದ್ದೇನೆ. ಕಿಲ್ನ್ ತುಂಬಿದಷ್ಟೂ ಒಳ್ಳೆಯದು ಎಂದು ಒಬ್ಬರು, ಸ್ಟಿಲ್ಟ್ (ಮೂರು ಮುಳ್ಳಿನ ಆಸರೆ) ಇಟ್ಟು ತಟ್ಟೆಯ ಮೇಲೆ ತಟ್ಟೆ ಇಡಿ ಎಂದು ಇನ್ನೊಬ್ಬರು, ಪ್ಲೇಟ್ ಸೆಟ್ಟರ್ ಕೊಳ್ಳಿ ಎಂದು ಮತ್ತೊಬ್ಬರು ಹೇಳುತ್ತಾರೆ. ಒಂದೇ ಫೈರಿಂಗಿನಲ್ಲಿ ಹೆಚ್ಚು ತಟ್ಟೆ ತೆಗೆಯುವುದು ಹೇಗೆ? (ಮೈಸೂರಿನ ಓದುಗರೊಬ್ಬರು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಹೆಚ್ಚು ತಟ್ಟೆ ಹೇಗೆ ಎಂಬುದು ನೀವು ಕೇಳಿರುವುದು. ಇದ್ದ ತಟ್ಟೆ ಏಕೆ ಸೀಳಿತು ಎಂಬುದು ನೀವು ಕೇಳಬೇಕಾದದ್ದು. ಹನ್ನೆರಡು ಇಟ್ಟು ಏಳು ತೆಗೆಯುವುದಕ್ಕಿಂತ ಒಂಬತ್ತು ಇಟ್ಟು ಒಂಬತ್ತು ತೆಗೆಯುವುದು ಲಾಭ. ಹಾಗಾಗಿ ಸೀಳಿನಿಂದಲೇ ಶುರುಮಾಡುತ್ತೇನೆ.

ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ಎರಡು ತಟ್ಟೆಗಳಲ್ಲಿ ಬಿರುಕು ಅಂಚಿನಿಂದ ಒಳಗೆ ಓಡಿದೆ, ಬಿರುಕಿನ ಬಾಯಲ್ಲಿ ಗ್ಲೇಜ್ ಗಾಜಿನ ಚೂರಿನಂತೆ ಹರಿತವಾಗಿದೆ. ಅಂದರೆ ಗ್ಲೇಜ್ ಕರಗಿ ಗಟ್ಟಿಯಾದ ಮೇಲೆ, ತಣಿಯುವಾಗ ಸೀಳಿದ್ದು. ಮೂರನೆಯದರ ಕಥೆ ಬೇರೆ. ಅಲ್ಲಿ ಬಿರುಕಿನ ಅಂಚುಗಳು ದುಂಡಗಾಗಿವೆ, ಗ್ಲೇಜ್ ಸೀಳಿನೊಳಗೆ ಇಳಿದಿದೆ. ಗ್ಲೇಜ್ ಕರಗುವ ಮೊದಲೇ ಆ ಬಿರುಕು ಅಲ್ಲಿತ್ತು. ಬಹುಶಃ ಬಿಸ್ಕಿನಲ್ಲೇ ಕೂದಲೆಳೆಯಷ್ಟು ಬಿಟ್ಟಿತ್ತು, ನಿಮ್ಮ ಕಣ್ಣಿಗೆ ಬೀಳಲಿಲ್ಲ. ಬಿಸ್ಕ್ ತಟ್ಟೆಯನ್ನು ಬೆರಳ ತುದಿಯಲ್ಲಿ ಹಿಡಿದು ಗೆಣ್ಣಿನಿಂದ ಒಮ್ಮೆ ತಟ್ಟಿ. ಒಡಕಿಲ್ಲದ ತಟ್ಟೆ ಗಂಟೆಯ ಹಾಗೆ ನುಡಿಯುತ್ತದೆ, ಒಡಕಿರುವುದು ಮೊದ್ದಾಗಿ ಸದ್ದು ಮಾಡುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯರು ಮಾಡುವ ಪರೀಕ್ಷೆಯೇ ಇದು. ಗ್ಲೇಜ್ ಹಚ್ಚುವ ಮೊದಲು ಮಾಡಿದರೆ ಗ್ಲೇಜೂ ಉಳಿಯುತ್ತದೆ, ಶೆಲ್ಫಿನ ಜಾಗವೂ ಉಳಿಯುತ್ತದೆ.

ಬಟ್ಟಲು, ಲೋಟ ಸೀಳದ ಕಿಲ್ನ್‌ನಲ್ಲಿ ತಟ್ಟೆ ಮಾತ್ರ ಏಕೆ ಸೀಳುತ್ತದೆ? ತಟ್ಟೆಯ ಅಂಚು ಗೋಡೆಯಲ್ಲಿ ಕೆಂಪಗೆ ಕಾಯುವ ತಂತಿಸುರುಳಿಗೆ, ಅಂದರೆ ಕಾಯಿಲ್‌ಗೆ ಮುಖ ಮಾಡಿರುತ್ತದೆ, ಕಾವು ನೇರವಾಗಿ ಅದರ ಮೇಲೆ ಬೀಳುತ್ತದೆ. ನಡುಭಾಗ ದಪ್ಪ ಶೆಲ್ಫಿನ ಮೇಲೆ ಕುಳಿತಿರುತ್ತದೆ. ಶೆಲ್ಫು ನಿಧಾನವಾಗಿ ಕಾಯುತ್ತದೆ, ಇನ್ನೂ ನಿಧಾನವಾಗಿ ತಣಿಯುತ್ತದೆ. ಹೀಗಾಗಿ ತಣಿಯುವಾಗ ಅಂಚು ಬೇಗ ಕುಗ್ಗಲು ನೋಡುತ್ತದೆ, ಇನ್ನೂ ಬಿಸಿಯಾಗಿರುವ ನಡುಭಾಗ ಅದಕ್ಕೆ ಬಿಡುವುದಿಲ್ಲ. ಈ ಎಳೆದಾಟದಲ್ಲಿ ಸೋಲುವುದು ಅಂಚು. ಜೇಡಿಯಲ್ಲಿರುವ ಕ್ವಾರ್ಟ್ಜ್ 573 ಡಿಗ್ರಿಯ ಬಳಿ ಒಮ್ಮೆಲೆ ಗಾತ್ರ ಬದಲಿಸುತ್ತದೆ, ಏರುವಾಗ ಹಿಗ್ಗುತ್ತದೆ, ಇಳಿಯುವಾಗ ಕುಗ್ಗುತ್ತದೆ. ಕೆಲವು ಜೇಡಿಗಳಲ್ಲಿ ಹುಟ್ಟುವ ಕ್ರಿಸ್ಟೊಬಲೈಟ್ ಎಂಬ ಸಿಲಿಕಾ ಹರಳು 225 ಡಿಗ್ರಿಯ ಆಸುಪಾಸಿನಲ್ಲಿ ಇದೇ ಆಟ ಆಡುತ್ತದೆ. ನೀವು ಬಾಗಿಲು ತೆರೆದಾಗ ಮೀಟರು 200 ತೋರಿಸುತ್ತಿತ್ತು. ಆದರೆ ಶಾಖ ಅಳೆಯುವ ಥರ್ಮೋಕಪಲ್ ಇರುವ ಜಾಗಕ್ಕೆ ಮಾತ್ರ ಅದು 200. ಮೂರು ಸೆಂಟಿಮೀಟರಿನ ಸಂದಿಯಲ್ಲಿ, ಎರಡು ಶೆಲ್ಫುಗಳ ನಡುವೆ ಸಿಕ್ಕಿಕೊಂಡಿದ್ದ ತಟ್ಟೆಯ ನಡುಭಾಗ ಅದಕ್ಕಿಂತ ಎಷ್ಟೋ ಬಿಸಿಯಾಗಿತ್ತು. ಅದರ ಅಂಚಿನ ಮೇಲೆ ಶೆಡ್ಡಿನ ತಣ್ಣನೆಯ ಗಾಳಿ ಬಿತ್ತು.

ಈಗ ನಿಮಗೆ ಸಿಕ್ಕ ಸಲಹೆಗಳಿಗೆ ಬರೋಣ.

"ತುಂಬಿದಷ್ಟೂ ಒಳ್ಳೆಯದು" ಅರ್ಧ ನಿಜ. ತುಂಬಿದ ಕಿಲ್ನ್ ನಿಧಾನವಾಗಿ ತಣಿಯುತ್ತದೆ, ಅದು ತಟ್ಟೆಗೆ ಹಿತ. ನಿಮ್ಮದರಂತಹ 120 ಲೀಟರಿನ ಸಣ್ಣ ಕಿಲ್ನ್ ಖಾಲಿಯಿದ್ದರೆ ಸಂಜೆಗೆ ಆರಿಸಿದ್ದು ಬೆಳಿಗ್ಗೆಗೆ ಮುಟ್ಟುವಷ್ಟು ತಣ್ಣಗಾಗಿರುತ್ತದೆ. ಆದರೆ ನೀವು ತುಂಬಿದ್ದು ಏನನ್ನು? ಒಂದೂವರೆ ಸೆಂ.ಮೀ. ದಪ್ಪದ ಕಾರ್ಡಿಯರೈಟ್ (ಶಾಖ ತಡೆಯುವ ಸೆರಾಮಿಕ್) ಶೆಲ್ಫು ಹೆಚ್ಚುಕಡಿಮೆ 4.8 ಕಿಲೋ ತೂಗುತ್ತದೆ. ಹನ್ನೆರಡು ಸೇರಿದರೆ 58 ಕಿಲೋ. ತಟ್ಟೆಯೊಂದು 900 ಗ್ರಾಂ ಎಂದರೆ ಹನ್ನೆರಡಕ್ಕೆ 11 ಕಿಲೋ. ಇವುಗಳನ್ನು 1220ಕ್ಕೆ ಏರಿಸಲು ಬೇಕಾದ ಶಾಖದ ಲೆಕ್ಕ ಹಾಕಿದರೆ ಶೆಲ್ಫುಗಳಿಗೇ ಸುಮಾರು 19 ಯೂನಿಟ್ ಹೋಗುತ್ತದೆ, ತಟ್ಟೆಗಳಿಗೆ ನಾಲ್ಕೂ ಇಲ್ಲ. ಗೋಡೆಗಳು ಕುಡಿಯುವ ಶಾಖ ಬೇರೆ. ನೀವು ಶೆಲ್ಫು ಸುಡುತ್ತಿದ್ದೀರಿ, ಜೊತೆಗೆ ಒಂದಷ್ಟು ತಟ್ಟೆಗಳೂ ಬೇಯುತ್ತಿವೆ.

ಸ್ಟಿಲ್ಟ್ ವಿಷಯ ಬೇಗ ಮುಗಿಸುತ್ತೇನೆ. ಸುಮಾರು 1100 ಡಿಗ್ರಿಯೊಳಗೆ ಬೇಯುವ ಕೆಂಪು ಮಣ್ಣಿನ ಸಾಮಾನಿಗೆ ಅದು ಸರಿ. 1220ರಲ್ಲಿ ಸ್ಟೋನ್‌ವೇರ್ ಮೆತ್ತಗಾಗಿರುತ್ತದೆ. ಮೂರು ಮುಳ್ಳಿನ ಮೇಲೆ ನಿಂತ ಅಗಲದ ತಟ್ಟೆ ಆ ಮೂರು ಮುಳ್ಳುಗಳ ನಡುವೆ ಜೋತುಬೀಳುತ್ತದೆ. ಕಾರ್ಖಾನೆಯ ಬೋನ್ ಚೈನಾ ತಟ್ಟೆಯ ಬೆನ್ನಿನಲ್ಲಿ ಮುಳ್ಳಿನ ಗುರುತು ಕಂಡು ಜನ ಮೋಸಹೋಗುತ್ತಾರೆ. ಅಲ್ಲಿ ಕ್ರಮವೇ ತಿರುಗುಮುರುಗು. ಮೊದಲು ಗ್ಲೇಜ್ ಇಲ್ಲದೆ ಸುಮಾರು 1240ಕ್ಕೆ ಸುಟ್ಟು ಗಟ್ಟಿ ಮಾಡುತ್ತಾರೆ, ಆಮೇಲೆ ಕಡಿಮೆ ಶಾಖದಲ್ಲಿ ಗ್ಲೇಜ್ ಕರಗಿಸುತ್ತಾರೆ. ಎರಡನೆಯ ಸಲ ಕಿಲ್ನ್ ಹೊಕ್ಕಾಗ ತಟ್ಟೆ ಮೆತ್ತಗಾಗುವುದಿಲ್ಲ. ನಿಮ್ಮದಾಗುತ್ತದೆ.

ತಟ್ಟೆಯ ಮೇಲೆ ತಟ್ಟೆ ಇಟ್ಟು ಸುಡುವ ಆಸೆ ಹೊಸದೇನೂ ಅಲ್ಲ. ಚೀನಾದ ಹೆಬೈ ಪ್ರಾಂತದ ಡಿಂಗ್ ಕುಂಬಾರರು ಸಾಂಗ್ ಅರಸರ ಕಾಲದಲ್ಲಿ, ಅಂದರೆ ಸಾವಿರ ವರ್ಷದ ಹಿಂದೆಯೇ, ಬಟ್ಟಲು ತಟ್ಟೆಗಳನ್ನು ಬೋರಲು ಹಾಕಿ, ಮೆಟ್ಟಿಲು ಮೆಟ್ಟಿಲಾದ ಆಸರೆಗಳ ಮೇಲೆ ಅಂಚಿನ ಆಧಾರದಲ್ಲಿ ನಿಲ್ಲಿಸಿ, ಒಂದರೊಳಗೊಂದು ಪೇರಿಸಿ ಸುಟ್ಟರು. ಅದಕ್ಕೆ ತೆತ್ತ ಬೆಲೆ, ಗ್ಲೇಜ್ ಇಲ್ಲದ ಒರಟು ಅಂಚು. ಅದನ್ನು ಮುಚ್ಚಲು ತಾಮ್ರ, ಬೆಳ್ಳಿ, ಒಮ್ಮೊಮ್ಮೆ ಚಿನ್ನದ ಪಟ್ಟಿ ಕಟ್ಟುತ್ತಿದ್ದರು. ಏಷ್ಯಾದ ಬೇರೆ ಕಡೆ ತಟ್ಟೆಯ ನಡುವೆ ಬಳೆಯಾಕಾರದಲ್ಲಿ ಗ್ಲೇಜ್ ಕೆರೆದು, ಆ ಬರಿಮೈಯ ಮೇಲೆ ಮುಂದಿನ ತಟ್ಟೆಯ ಪಾದ ಕೂರಿಸುತ್ತಿದ್ದರು. ಈ ಎರಡನೆಯ ದಾರಿ ಇಂದಿಗೂ ಚೆನ್ನಾಗಿಯೇ ನಡೆಯುತ್ತದೆ, ಆದರೆ ಕೆಫೆಯ ತಟ್ಟೆಗೆ ಬೇಡ. ಆ ಬಳೆಯಲ್ಲಿ ಅರಿಸಿನ, ಕಾಫಿಯ ಕಲೆ ಹಿಡಿದರೆ ಪಾತ್ರೆ ತೊಳೆಯುವವರ ಶಾಪ ನಿಮಗೆ ತಟ್ಟುತ್ತದೆ.

ಪ್ಲೇಟ್ ಸೆಟ್ಟರ್ ಎಂದರೆ ಮೂರು ತೋಳಿನ ಆಸರೆ. ಒಂದರ ಮೇಲೊಂದು ಕೂಡಿಸುತ್ತ ಹೋದರೆ ನಡುವೆ ಶೆಲ್ಫುಗಳೇ ಬೇಡ. ತೂಕ ಉಳಿಯುತ್ತದೆ, ಗಾಳಿ ಆಡುತ್ತದೆ, ಮೇಲೆ ಹೇಳಿದ 58 ಕಿಲೋದ ಕಾಟ ತಪ್ಪುತ್ತದೆ. ಆದರೆ ಒಂದು ಸೆಟ್ಟರ್ ಒಂದೇ ಅಳತೆಯ ತಟ್ಟೆಗೆ ಹೊಂದುತ್ತದೆ. ಇಲ್ಲೂ ಆಧಾರ ಮೂರೇ ಕಡೆ, ಹಾಗಾಗಿ ತಟ್ಟೆ ಊರುವ ತಳದ ಉಂಗುರ, ಅಂದರೆ ಪಾದದ ಬಳೆ, ಗಟ್ಟಿಯಾಗಿರದಿದ್ದರೆ ತಟ್ಟೆ ಮೂರು ಮೂಲೆಯ ಟೋಪಿಯಾಗುತ್ತದೆ. ವರ್ಷವಿಡೀ ಒಂದೇ ತಟ್ಟೆ ಮಾಡುವವರಿಗೆ ಹಾಕಿದ ದುಡ್ಡು ಬರುತ್ತದೆ. ಒಂದು ಆರ್ಡರಿಗಾಗಿ ಕೊಳ್ಳಬೇಡಿ.

ಹಾಗಾದರೆ ದಾರಿ? ಒಂದು ಹಳೆಯ ಪೇಪರಿನಲ್ಲಿ 40ಕ್ಕೆ 40ರ ಚೌಕ ಕತ್ತರಿಸಿ. ರಟ್ಟಿನಲ್ಲಿ ತಟ್ಟೆಗಳ ವೃತ್ತಗಳನ್ನು ಕತ್ತರಿಸಿ ಅದರ ಮೇಲೆ ಇಟ್ಟು ಆಡಿ. 26 ಸೆಂ.ಮೀ.ನದು ಒಂದೇ ಕೂರುತ್ತದೆ. ಶೆಲ್ಫಿನ ಮೂರನೇ ಒಂದು ಭಾಗ ತಟ್ಟೆಗೆ, ಮೂರನೇ ಎರಡು ಭಾಗ ಗಾಳಿಗೆ. ಈಗ 23ರ ವೃತ್ತ ಎರಡು ಮಾಡಿ, ಎದುರುಬದುರು ಮೂಲೆಗಳಿಗೆ ಒತ್ತಿ ಇಡಿ. ಎರಡೂ ಕೂರುತ್ತವೆ, ನಡುವೆ ಒಂದು ಸೆಂಟಿಮೀಟರಿನಷ್ಟು ಸಂದಿಯೂ ಉಳಿಯುತ್ತದೆ. ತಟ್ಟೆಯ ಅಗಲದಲ್ಲಿ ಮೂರು ಸೆಂ.ಮೀ. ಬಿಟ್ಟುಕೊಟ್ಟಿರಿ, ಶೆಲ್ಫಿನ ಇಳುವರಿ ಇಮ್ಮಡಿಯಾಯಿತು. 19ರದಾದರೆ ನಾಲ್ಕು. ಇಪ್ಪತ್ತು ವರ್ಷದಿಂದ ಕಿಲ್ನ್ ಜೋಡಿಸುತ್ತಿದ್ದೇನೆ, ಮೊದಲ ಎಂಟು ವರ್ಷ ಈ ಚೌಕ ಕತ್ತರಿಸುವ ಬುದ್ಧಿ ನನಗೆ ಬಂದಿರಲಿಲ್ಲ. ಮೊದಲು ಮನಸ್ಸಿಗೆ ಬಂದ ಅಳತೆಯಲ್ಲಿ ತಿಗರಿಯಲ್ಲಿ ತಟ್ಟೆ ಮಾಡಿದ ಮೇಲೆ ಕಿಲ್ನ್ ಎದುರು ನಿಂತು ತಲೆ ಕೆರೆದುಕೊಳ್ಳುತ್ತಿದ್ದೆ. ಶೆಲ್ಫಿಗೆ ಎಷ್ಟು ಎಂಬುದು ತಿಗರಿಯ ಮೇಲೆಯೇ ತೀರ್ಮಾನವಾಗುತ್ತದೆ, ಜೋಡಿಸುವಾಗ ಅಲ್ಲ.

ಬಿಸ್ಕ್ ಆದ 26ರ ತಟ್ಟೆ 1220 ಕಂಡು ಹೊರಬರುವಾಗ 24ರ ಸುಮಾರಿಗೆ ಕುಗ್ಗಿರುತ್ತದೆ, 23ರದು ಇಪ್ಪತ್ತೊಂದೂವರೆಗೆ. ನಿಮ್ಮ ಜೇಡಿಯ ಕುಗ್ಗುವಿಕೆ ತುಸು ಆಚೀಚೆ ಇರಬಹುದು, ಅಳೆದು ನೋಡಿ. ಇಪ್ಪತ್ತೊಂದೂವರೆ ಮಸಾಲೆ ದೋಸೆಗೆ ಸಾಲದು, ಒಪ್ಪುತ್ತೇನೆ. ಇಡ್ಲಿ, ಟೋಸ್ಟ್, ಕೇಕು ಬಡಿಸುವ ಕೆಫೆಗೆ ಧಾರಾಳ. ಹೊಸ ಅಳತೆಯ ಒಂದು ತಟ್ಟೆಯನ್ನು ಅವರ ಮೇಜಿನ ಮೇಲಿಟ್ಟು ಕೇಳಿ ನೋಡಿ. ಕೆಫೆಯ ಮೇಜುಗಳು ಸಣ್ಣವಿರುತ್ತವೆ, ಬೇಡ ಎನ್ನುವವರು ಕಡಿಮೆ.

ದೊಡ್ಡದೇ ಬೇಕು ಎಂದು ಹಟ ಹಿಡಿದರೆ ಇನ್ನೊಂದು ಜೋಡಣೆ ಹೇಳುತ್ತೇನೆ. 26ರದನ್ನು ಹಿಂದಿನ ಮೂಲೆಗೆ ಒತ್ತಿ. ಅದರ ಎದುರು ಮೂಲೆಗೆ 20ರ ಕ್ವಾರ್ಟರ್ ಪ್ಲೇಟ್ ಸರಿಯಾಗಿ ಕೂರುತ್ತದೆ. ಉಳಿದೆರಡು ಮೂಲೆಗಳಿಗೆ 14ರ ಒಂದೊಂದು ಸಾಸರ್. ಮೂರನೇ ಒಂದು ಭಾಗ ತುಂಬುತ್ತಿದ್ದ ಶೆಲ್ಫು ನೂರಕ್ಕೆ ಎಪ್ಪತ್ತರಷ್ಟು ತುಂಬುತ್ತದೆ. ಅರವತ್ತು ಊಟದ ತಟ್ಟೆಗೆ ಫೈರಿಂಗ್ ಸಂಖ್ಯೆ ಇದರಿಂದ ಕಡಿಮೆಯಾಗುವುದಿಲ್ಲ, ಆದರೆ ಪ್ರತಿ ಫೈರಿಂಗಿನಲ್ಲೂ ಮಾರುವಂಥದ್ದು ಮೂರುಪಟ್ಟು ಹೆಚ್ಚು ಹೊರಬರುತ್ತದೆ. ದೊಡ್ಡ ತಟ್ಟೆಯ ದರವನ್ನೂ ಅದಕ್ಕೆ ತಕ್ಕಂತೆ ಹೇಳಿ. ಅದು ತಿನ್ನುವುದು ಒಂದು ಇಡೀ ಶೆಲ್ಫು.

ಅಂಚನ್ನು ಶೆಲ್ಫಿನಿಂದ ಒಂದು ಸೆಂಟಿಮೀಟರ್ ಹೊರಗೆ ಚಾಚಿಸಿದರೆ 24ರದೂ ಎರಡು ಹಿಡಿಯುತ್ತದಲ್ಲ ಎಂದು ನಿಮಗೆ ಹೊಳೆಯಬಹುದು. ಹಿಡಿಯುತ್ತದೆ, ಆದರೆ ಗೋಡೆಗೂ ಅಂಚಿಗೂ ಒಂದೂವರೆ ಸೆಂ.ಮೀ. ಉಳಿಯುತ್ತದೆ. ಕಾಯಿಲ್‌ಗೆ ಅಷ್ಟು ಹತ್ತಿರವಾದ ಅಂಚು ಉಳಿದ ತಟ್ಟೆಗಿಂತ ಮೊದಲೇ ಬೆಂದು ಒಂದು ಕಡೆ ಎತ್ತಿಕೊಳ್ಳುತ್ತದೆ. ನಿಮ್ಮ ಎರಡು ಸೊಟ್ಟ ತಟ್ಟೆಗಳಲ್ಲಿ ಒಂದು ಹೀಗೆಯೇ ಆದಂತೆ ಕಾಣುತ್ತದೆ. ಎರಡೂವರೆ ಸೆಂ.ಮೀ.ಗಿಂತ ಕಡಿಮೆಗೆ ನಾನು ಹೋಗುವುದಿಲ್ಲ. ಇನ್ನೊಂದು ಸೊಟ್ಟದ ನಡುಭಾಗ ಕೆಳಗೆ ಇಳಿದಿದೆ. ಪಾದದ ಬಳೆಯನ್ನು ತೀರಾ ಹೊರಗೆ ಇಟ್ಟಿದ್ದೀರಿ, ನಡುವಿಗೆ ಆಧಾರವಿಲ್ಲ. ಒಳಗೆ ಇನ್ನೊಂದು ಸಣ್ಣ ಬಳೆ ಕೆತ್ತಿ. ಶೆಲ್ಫೇ ಬಾಗಿದೆಯೇ ಎಂದು ಸ್ಕೇಲು ಅಡ್ಡ ಹಿಡಿದು ನೋಡಿ. ಬಾಗಿದ ಶೆಲ್ಫಿನ ಮೇಲೆ ನೆಟ್ಟನೆಯ ತಟ್ಟೆ ಬೇಯುವುದಿಲ್ಲ.

ಶೆಲ್ಫುಗಳ ನಡುವೆ ನಾಲ್ಕೂವರೆ ಸೆಂ.ಮೀ. ಎತ್ತರದ ಪ್ರಾಪ್ (ಶೆಲ್ಫು ಹೊರುವ ಗೂಟ) ಕೊಡಿ. ತಟ್ಟೆಯ ಮೇಲೆ ಎರಡು ಸೆಂ.ಮೀ. ಗಾಳಿ ಉಳಿಯುತ್ತದೆ. ತಳಕ್ಕೂ ಮೊದಲ ಶೆಲ್ಫಿಗೂ ನಡುವೆ ಎರಡೂವರೆ ಸೆಂ.ಮೀ. ಬಿಟ್ಟರೆ 60ರ ಎತ್ತರದಲ್ಲಿ ಒಂಬತ್ತು ಅಂತಸ್ತು ಏಳುತ್ತವೆ, ತುದಿಯ ತಟ್ಟೆಯ ಮೇಲೆ ಐದೂವರೆ ಸೆಂ.ಮೀ. ಮಿಗುತ್ತದೆ. ಒಂಬತ್ತೆರಡಲ ಹದಿನೆಂಟು. ನಾಲ್ಕು ಫೈರಿಂಗಿಗೆ 72 ತಟ್ಟೆ, ಅಂದರೆ ಹನ್ನೆರಡು ಹಾಳಾದರೂ ಆರ್ಡರ್ ಮುಗಿಯುತ್ತದೆ. ನಿಮ್ಮ ಈಗಿನ ಲೆಕ್ಕದಲ್ಲಿ ಫೈರಿಂಗಿಗೆ ಏಳರಂತೆ ಒಂಬತ್ತು ಸಲ ಸುಡಬೇಕಿತ್ತು.

ಪ್ರಾಪ್ ಮೂರೇ ಇರಲಿ. ನಾಲ್ಕು ಕಾಲಿನ ಮೇಜು ಅಲುಗುತ್ತದೆ, ಮೂರು ಕಾಲಿನ ಪೀಠ ಅಲುಗುವುದಿಲ್ಲ. ಎರಡು ತಟ್ಟೆಗಳ ಜೋಡಣೆಯಲ್ಲಿ ಒಂದು ಪ್ರಾಪನ್ನು ತಟ್ಟೆಯ ಹಿಂದಿನ ಮೂಲೆಗೆ ಒತ್ತಿ. ಉಳಿದೆರಡನ್ನು ಖಾಲಿ ಮೂಲೆಗಳಲ್ಲಿಡಲು ಕೈ ತುಡಿಯುತ್ತದೆ, ಇಡಬೇಡಿ. ಹಾಗಿಟ್ಟರೆ ಶೆಲ್ಫಿನ ಭಾರ ಆ ಎರಡು ಪ್ರಾಪ್‌ಗಳ ನಡುವಿನ ಗೆರೆಯ ಮೇಲೆಯೇ ನಿಂತು, ಒಂದು ತಟ್ಟೆ ತುಸು ಭಾರವಾದರೆ ಇಡೀ ಗೋಪುರ ಮುಂದಕ್ಕೆ ವಾಲುತ್ತದೆ. ಖಾಲಿ ಮೂಲೆಯಿಂದ ಎರಡನೆಯ ತಟ್ಟೆಯ ಕಡೆಗೆ ಅಂಚಿನುದ್ದಕ್ಕೆ ಹನ್ನೆರಡು ಸೆಂ.ಮೀ. ಸರಿಸಿ ನಿಲ್ಲಿಸಿ. ಮೇಲಿನ ಅಂತಸ್ತುಗಳ ಪ್ರಾಪ್‌ಗಳು ಕೆಳಗಿನವುಗಳ ನೆತ್ತಿಯ ಮೇಲೆಯೇ ಬರಬೇಕು. ಇಲ್ಲದಿದ್ದರೆ ಭಾರವೆಲ್ಲ ಶೆಲ್ಫಿನ ಬೆನ್ನಿಗೆ ಬಿದ್ದು ಅದು ಬಾಗುತ್ತದೆ.

ಗ್ಲೇಜ್ ಅಂಟದಂತೆ ಬಳಿಯುವ ಕಿಲ್ನ್ ವಾಶ್ ಶೆಲ್ಫಿನ ಮೇಲ್ಮೈಗೆ ಮಾತ್ರ. ಕೆಳಮೈಗೆ ತಾಗಿದ್ದರೆ ಅದು ಹಪ್ಪಳದಂತೆ ಎದ್ದು ಕೆಳಗಿನ ತಟ್ಟೆಯ ಗ್ಲೇಜಿನೊಳಗೆ ಬೀಳುತ್ತದೆ, ತಟ್ಟೆಯ ಬಾಯಿ ಆಕಾಶಕ್ಕೆ ತೆರೆದೇ ಇರುತ್ತದಲ್ಲ. ಹಳೆಯ ವಾಶ್ ಕೆರೆಯುವಾಗ ಮಾಸ್ಕ್ ಹಾಕಿ. ಪಾದದ ಕೆಳಗೆ ಚಿಟಿಕೆ ಅಲ್ಯುಮಿನಾ ಪುಡಿ ಉದುರಿಸಿದರೆ ತಟ್ಟೆ ಕುಗ್ಗುವಾಗ ಪಾದ ಜಾರಿಕೊಂಡು ಹೋಗುತ್ತದೆ, ಹಿಡಿದುಕೊಂಡು ಸೀಳುವುದಿಲ್ಲ. ಜೋಡಿಸಲು ಕೈ ಹಾಕುವ ಮೊದಲು ಗೋಡೆಯ ಮೇನ್ ಸ್ವಿಚ್ ಆರಿಸಿರಬೇಕು. ಇದನ್ನು ಎಲ್ಲರಿಗೂ ಹೇಳುತ್ತೇನೆ. ತೆಳು ಸಿಲಿಕಾನ್ ಕಾರ್ಬೈಡ್ ಶೆಲ್ಫು ಬಳಸುವವರಿಗೆ ಎರಡು ಸಲ ಹೇಳುತ್ತೇನೆ, ಏಕೆಂದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ, ಕಾಯಿಲ್‌ಗೆ ತಾಗಕೂಡದು. ಎಂಟು ಮಿಲಿಮೀಟರಿನ ಅಂಥ ಶೆಲ್ಫು ನಿಮ್ಮದಕ್ಕಿಂತ ಒಂದು ಕಿಲೋ ಹಗುರ, ಪ್ರತಿ ಅಂತಸ್ತಿಗೆ ಏಳು ಮಿಲಿಮೀಟರ್ ಎತ್ತರವೂ ಉಳಿಯುತ್ತದೆ. ಬೆಲೆ ಕೇಳಿದರೆ ಮಾತ್ರ ಎದೆ ಭಾರವಾಗುತ್ತದೆ.

ಇನ್ನು ಬಿಸ್ಕ್. ಇಲ್ಲಿ ಗ್ಲೇಜ್ ಇಲ್ಲ, ತಟ್ಟೆಗಳು ಒಂದಕ್ಕೊಂದು ತಾಗಿದರೂ ಅಂಟುವುದಿಲ್ಲ. ನಮ್ಮ ಕುಂಬಾರರು ಆವಿಗೆಯಲ್ಲಿ ಮಡಕೆಯ ಮೇಲೆ ಮಡಕೆ, ದೊಡ್ಡದರ ಸಂದಿಗೆ ಚಿಕ್ಕದು ಇಟ್ಟು, ಒಂದೇ ಒಂದು ಶೆಲ್ಫಿಲ್ಲದೆ ಸುಡುವುದು ಇದರಿಂದಲೇ. ಆದರೆ ಮಡಕೆ ದುಂಡಗಿರುತ್ತದೆ, ತಾಗುವುದು ಒಂದೆರಡು ಬಿಂದುಗಳಲ್ಲಿ, ಸುತ್ತ ಹೊಗೆ ಬೆಂಕಿ ಓಡಾಡುತ್ತವೆ. ಹತ್ತು ತಟ್ಟೆಗಳ ಕಂತೆಯೊಳಗೆ ಗಾಳಿ ಹೋಗುವುದಿಲ್ಲ. ಜೇಡಿಯಲ್ಲಿರುವ ಸಾವಯವ ವಸ್ತು ಉರಿದುಹೋಗಲು ಆಮ್ಲಜನಕ ಬೇಕು. ಸಿಗದಿದ್ದರೆ ಇಂಗಾಲ ಒಳಗೇ ಉಳಿದು, ಗ್ಲೇಜ್ ಸುಡುವಾಗ ಸೂಜಿರಂಧ್ರ, ಗುಳ್ಳೆಗಳಾಗಿ ಹೊರಬರುತ್ತದೆ. ಭಾರದ ಮಾತೂ ಇದೆ. ಅಡಿಯ ಹಸಿ ತಟ್ಟೆ ಒಂಬತ್ತು ತಟ್ಟೆಗಳನ್ನು ಹೊರಬೇಕು. ನಾನೊಮ್ಮೆ ಹದಿನಾರು ಪೇರಿಸಿದ್ದೆ. ಮೇಲಿನ ಆರು ಸುಂದರವಾಗಿ ಬಂದವು, ಉಳಿದವನ್ನು ಪುಡಿಮಾಡಿ ಗಿಡಗಳ ಕುಂಡಗಳ ತಳಕ್ಕೆ ಹಾಕಿದೆ.

ನಾಲ್ಕಕ್ಕೆ ನಿಲ್ಲಿಸಿ. ಒಂದೇ ಅಳತೆಯವು, ಪಾದದ ನೇರಕ್ಕೆ ಪಾದ. ಮೇಲಿನ ತಟ್ಟೆಯ ಭಾರ ಬಳೆಯ ಮೂಲಕವೇ ಕೆಳಗೆ ಇಳಿಯಬೇಕು, ಅಂಚು ಅಂಚಿಗೆ ತಾಗಬಾರದು. ಶೆಲ್ಫಿಗೆ ಎರಡು ಕಂತೆ ಎಂದರೆ ಎಂಟು ತಟ್ಟೆ, ಐದು ಅಂತಸ್ತಿನಲ್ಲಿ ನಲವತ್ತು. ತೆಳು ಅಂಚಿನವಾದರೆ ಅಂಚಿಗೆ ಅಂಚು ಸೇರಿಸಿ, ಒಂದು ನೆಟ್ಟಗೆ, ಒಂದು ಬೋರಲು, ಜೋಡಿ ಮಾಡಿಯೂ ಇಡಬಹುದು. ಎರಡೂ ಅಂಚುಗಳು ಒಂದನ್ನೊಂದು ನೆಟ್ಟಗೆ ಹಿಡಿದುಕೊಳ್ಳುತ್ತವೆ. ಪುಸ್ತಕದಂತೆ ಲಂಬವಾಗಿ ನಿಲ್ಲಿಸುವವರೂ ಇದ್ದಾರೆ. ಟೈಲ್ಸ್‌ಗೆ ಅದು ಸರಿ, ದುಂಡು ತಟ್ಟೆಯ ಭಾರವೆಲ್ಲ ಅಂಚಿನ ಒಂದೇ ಬಿಂದುವಿಗೆ ಬೀಳುವುದರಿಂದ ನಾನು ಬೇಡ ಎನ್ನುತ್ತೇನೆ.

ಕಂತೆ ಕಟ್ಟಿದ ಮೇಲೆ ಅವಸರ ಮಾಡುವಂತಿಲ್ಲ. 80–90 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ನಿಲ್ಲಿಸಿ, ಮಳೆಗಾಲದಲ್ಲಿ ರಾತ್ರಿಯಿಡೀ. ಅಲ್ಲಿಂದ 600ರವರೆಗೆ ಗಂಟೆಗೆ 80, ಆಮೇಲೆ 900ರವರೆಗೂ 100 ಮೀರಬೇಡಿ. ನೋಟದ ರಂಧ್ರದ ಬಿರಡೆ 700 ದಾಟುವವರೆಗೆ ತೆರೆದಿರಲಿ. ಆ ಹೊತ್ತಿನಲ್ಲಿ ಬರುವ ಹೊಗೆ ಉಸಿರಿಗೆ ಒಳ್ಳೆಯದಲ್ಲ, ಶೆಡ್ಡಿನ ಕಿಟಕಿಯನ್ನೂ ತೆರೆಯಿರಿ.

ಗ್ಲೇಜ್ ಫೈರಿಂಗಿಗೆ ನಾನು ತಟ್ಟೆಗಳಿಗೆ ಬಳಸುವುದು ಇದು: 600ರವರೆಗೆ ಗಂಟೆಗೆ 100, 1100ರವರೆಗೆ 150, ಅಲ್ಲಿಂದ 1220ಕ್ಕೆ 60, ತುದಿಯಲ್ಲಿ ಹದಿನೈದು ನಿಮಿಷ. ಇಳಿಯುವಾಗ 650ರಿಂದ 500ರವರೆಗೆ ಗಂಟೆಗೆ 50ರಂತೆ ಇಳಿಸಲು ಕಂಟ್ರೋಲರಿಗೆ ಹೇಳಿ. ಮೂರು ಗಂಟೆಯ ಹೆಚ್ಚಿನ ಕರೆಂಟು ಒಡೆದ ಒಂದು ತಟ್ಟೆಗಿಂತ ಅಗ್ಗ. ಮೀಟರು 80 ತೋರಿಸುವವರೆಗೆ ಬಾಗಿಲಿನ ಹತ್ತಿರ ಸುಳಿಯಬೇಡಿ, ಕೆಫೆಯವರು ಎಷ್ಟೇ ಫೋನ್ ಮಾಡಲಿ.

ಬಾಗಿಲಿನಲ್ಲಿ ಕಾಯಿಲ್ ಇಲ್ಲದ ಕಿಲ್ನ್ ನಿಮ್ಮದು. ಮುಂಭಾಗ ಯಾವಾಗಲೂ ತುಸು ತಣ್ಣಗಿರುತ್ತದೆ, ಒಂಬತ್ತು ಶೆಲ್ಫುಗಳು ದಟ್ಟವಾಗಿರುವ ನಡು ಎತ್ತರವೂ ಹಿಂದೆ ಬೀಳಬಹುದು. ಮೇಲೆ, ನಡುವೆ, ಕೆಳಗೆ ಒಂದೊಂದು 6ನೇ ನಂಬರಿನ ಕೋನ್ (ಗೊತ್ತಾದ ಶಾಖಕ್ಕೆ ಬಾಗುವ ಸಣ್ಣ ಮೊನೆ) ಇಟ್ಟು ಸುಡಿ, ಸುಟ್ಟ ಮೇಲೆ ಎಸೆಯದೆ ಪೆನ್ಸಿಲಿನಲ್ಲಿ ಅಂತಸ್ತಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಡುವಿನದು ಬಾಗದೆ ನಿಂತಿದ್ದರೆ ಅಲ್ಲಿನ ಎರಡು ಅಂತಸ್ತುಗಳನ್ನು ಒಂದು ಮಾಡಿ ಲೋಟ ಬಟ್ಟಲುಗಳನ್ನು ಇಡಿ. ಹದಿನೆಂಟು ಹದಿನಾಲ್ಕಾಗುತ್ತದೆ, ನಾಲ್ಕು ಫೈರಿಂಗ್ ಸಾಲದು, ಐದಕ್ಕೆ 70 ತಟ್ಟೆ. ಹತ್ತೇ ತಟ್ಟೆಯ ಸಡಿಲ ಉಳಿಯುವುದರಿಂದ ಬಿಸ್ಕಿನಲ್ಲೇ ಒಂದು ಕಂತೆ ಹೆಚ್ಚು ಸುಟ್ಟಿಟ್ಟುಕೊಳ್ಳಿ.